ತೊಟ್ಟಿಲಿಗೆ ಹೆಸರೈತಿ, ಒಳಗಿನ ಕೌದಿಗೆ?

(1/7)
ಕಲಘಟಗಿ ತೊಟ್ಟಿಲು ಅಂದ್ರ ಎಲ್ಲರಿಗೂ ಗೊತ್ತು. ಸಾಗವಾನಿ ಕಟ್ಟಿಗಿ, ಅರಗಿನ ಬಣ್ಣ, ಮೈತುಂಬ ಪುರಾಣದ ಚಿತ್ರ. ನಟ ಅಂಬರೀಶ್ ತೀರಿಕೊಳ್ಳುವ ಮೊದಲು ಯಶ್–ರಾಧಿಕಾ ಪಂಡಿತ್ ಮಗುವಿಗೆಂದು ಇದೇ ತೊಟ್ಟಿಲು ಹೇಳಿಟ್ಟಿದ್ದರು ಅನ್ನೋ ಸುದ್ದಿ ಬಂದ ಮೇಲಂತೂ ಬೆಂಗಳೂರಿನವರೂ ಕಲಘಟಗಿ ಎಲ್ಲಿ ಬರತ್ತೆ ಅಂತ ಮ್ಯಾಪ್ ತೆಗೆದು ನೋಡಿದರು.

ಸರಿ. ಆದ್ರ ನಮ್ಮ ಬಮ್ಮಿಗಟ್ಟಿ ಕಡೆ ಕೂಸನ್ನ ಬರೀ ಕಟ್ಟಿಗಿ ಮ್ಯಾಲೆ ಯಾರೂ ಮಲಗಿಸೋದಿಲ್ಲ. ಕೆಳಗೊಂದು ಕೌದಿ ಇರ್ತೈತಿ. ತೊಟ್ಟಿಲು ಮಾಡಿದವರ ಬಗ್ಗೆ ಪೇಪರಿನಾಗ ಬರ್ತೈತಿ, ಟಿವಿಯವರು ಬರ್ತಾರ. ಕೌದಿ ಯಾರು ಹೊಲಿದ್ರು ಅಂತ ಕೇಳಿದ್ರ "ಆಯಿ ಹೊಲದದ್ದು" ಅಂತಾರ, ಅಲ್ಲಿಗೆ ಮುಗೀತು. ಈ ಸರಣಿ ಆ ಕೌದಿ ಬಗ್ಗೆ. ಉದ್ದ ಐತಿ, ಸೇವ್ ಮಾಡ್ಕೊಂಡು ಓದ್ರಿ.

(2/7)
ಫೋಟೋದಾಗ ಇರೋದು ನಮ್ಮನಿ ಕೌದಿಯ ಬೆನ್ನು. ಮುಂಭಾಗ ಬಣ್ಣಬಣ್ಣ ಇರ್ತೈತಿ, ಆದ್ರ ಕೆಲಸ ಗೊತ್ತಾಗೋದು ಬೆನ್ನಾಗ.

ಕೌದಿ ಬೇರೆ, ಗಾದಿ ಬೇರೆ. ಗಾದಿಗೆ ಹತ್ತಿ ತುಂಬ್ತಾರ. ಕೌದಿಯೊಳಗೆ ಹತ್ತಿ ಇಲ್ಲ, ಬರೀ ಹಳೆ ಅರಿವಿ. ತಳಕ್ಕೆ ಒಂದು ಹಳೆ ಸೀರಿ ಹಾಸಿ, ಅದರ ಮೇಲೆ ಹರಿದ ಧೋತ್ರ, ಅಂಗಿ, ಕುಬಸ, ಪರಕಾರದ ತುಂಡುಗಳನ್ನು ಒಂದರ ಅಂಚಿನ ಮೇಲೆ ಇನ್ನೊಂದು ಕೂಡೋ ಹಾಗೆ ಜೋಡಿಸ್ತಾರ. ಆಮೇಲೆ ಸೂಜಿ ದಾರ ಹಿಡಿದು ಎಲ್ಲಾ ಪದರ ಸೇರಿಸಿ ಒಂದೇ ಸಮನೆ ನೇರ ಹೊಲಿಗಿ. ಮಷೀನು ಇಲ್ಲ, ಚೌಕಟ್ಟು ಇಲ್ಲ, ಪೆನ್ಸಿಲ್ ಗೆರೆ ಇಲ್ಲ. ನೆಲದ ಮೇಲೆ ಹಾಸಿ, ಅದರ ಮೇಲೇ ಕೂತು ಹೊಲಿಯೋದು. ನಮ್ಮ ಮನಿ ಕೌದಿಯೊಳಗೆ ಹೊಲಿಗಿ ಅಂಚಿನಿಂದ ಶುರುವಾಗಿ ಸುತ್ತು ಹಾಕ್ತಾ ಹಾಕ್ತಾ ನಡುವಿಗೆ ಬಂದು ನಿಲ್ತೈತಿ. ಒಂದು ಕೊಳಗದ ನೀರಿನಾಗ ಕಲ್ಲು ಒಗೆದಾಗ ಏಳೋ ಅಲೆ ಇರ್ತಾವಲ್ಲ, ಅವು ಚೌಕಾಗಿದ್ರ ಹೆಂಗ, ಹಂಗ.

ಕೌದಿ ಹಳೇದಾದ್ರ ಒಗೆಯೋದಿಲ್ಲ. ಅದರ ಮೇಲೆ ಮತ್ತೊಂದು ಪದರ ಹಾಕಿ ಹೊಲಿದುಬಿಡ್ತಾರ. ಹಿಂಗಾಗಿ ಒಂದು ಮೂಲೆ ಹರಿದು ಒಳಗೆ ಇಣುಕಿದ್ರ ಕಾಲ ಹಿಂದಕ್ಕೆ ಹೋಗ್ತೈತಿ. ಮೇಲೆ ಪಾಲಿಸ್ಟರ್ ಅಂಗಿ, ಅದರ ಕೆಳಗೆ ಇಳಕಲ್ ಸೀರಿಯ ಟೋಪ ತೆನಿ ಸೆರಗಿನ ಕೆಂಪು, ಅದರ ಕೆಳಗೆ ಬೆಳ್ಳಗಿದ್ದು ಈಗ ಬೂದಿಬಣ್ಣಕ್ಕೆ ತಿರುಗಿದ ಧೋತ್ರ. ಮನಿಯಾಗ ಯಾರೂ ಡೈರಿ ಬರೆದಿಲ್ಲ, ಫೋಟೋ ತೆಗೆಸಿದ್ದೂ ಕಡಿಮೆ. ಇದೊಂದೇ ದಾಖಲೆ.

(3/7)
ನಮ್ಮ ತಾಲೂಕಿನ ಆಚೆ ಬದಿ ಹಳಿಯಾಳ, ಯಲ್ಲಾಪುರ, ಮುಂಡಗೋಡ. ಕಾಡು ಶುರು. ಅಲ್ಲಿ ಸಿದ್ದಿ ಸಮುದಾಯದ ಊರುಗಳಿವೆ. ಸಿದ್ದಿಗಳ ಪೂರ್ವಜರು ಆಫ್ರಿಕಾದವರು. 16ನೇ ಶತಮಾನದಿಂದ ಪೋರ್ಚುಗೀಸರು ಬಹಳ ಮಂದಿಯನ್ನು ಗುಲಾಮರನ್ನಾಗಿ ಗೋವಾಕ್ಕೆ ತಂದರು. ಅಲ್ಲಿಂದ ತಪ್ಪಿಸಿಕೊಂಡವರು, ಬಿಡುಗಡೆಯಾದವರು ಘಟ್ಟದ ಕಾಡು ಸೇರಿದರು. ಇವತ್ತು ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ.

ಅವರ ಮನೆಯ ಕೌದಿಗೆ ಕವಂದಿ ಅಂತ ಹೆಸರು. ಅದೇ ಹಳೆ ಅರಿವಿ, ಅದೇ ನೇರ ಹೊಲಿಗೆ, ಅದೇ ಅಂಚಿನಿಂದ ನಡುವಿಗೆ ಬರೋ ಸುತ್ತು. ತುಂಡು ಜೋಡಿಸೋದು, ಪದರ ಕೂಡಿಸೋದು ಎರಡೂ ಒಟ್ಟಿಗೇ ನಡೀತಾವ. ಕೊನೆಗೆ ನಾಲ್ಕು ಮೂಲೆಗೆ ಮಡಿಸಿದ ಅರಿವಿಯ ತ್ರಿಕೋನಗಳನ್ನು ಹಚ್ಚುತ್ತಾರೆ. ಅದಕ್ಕೆ ಫುಲಾ ಅಂತಾರ, ಅಂದ್ರ ಹೂವು. ಫುಲಾ ಇಲ್ಲದ ಕವಂದಿ ಬತ್ತಲೆ ಇದ್ದಂಗ ಅನ್ನೋದು ಅವರ ಲೆಕ್ಕ. ಕ್ರೈಸ್ತರ ಮನೆಯ ಕೆಲವು ಕವಂದಿಯಲ್ಲಿ ಶಿಲುಬೆ, ಮುಸ್ಲಿಮರ ಮನೆಯ ಕೆಲವದರಲ್ಲಿ ಅರ್ಧಚಂದ್ರ ಕಾಣತೈತಿ.

ಇಲ್ಲೊಂದು ಮಾತು. ಕವಂದಿ ನೋಡಿದ ಕೂಡಲೇ "ಇದು ಆಫ್ರಿಕಾದಿಂದ ಬಂದದ್ದು" ಅಂತ ಬರೆಯೋವರು ಇದ್ದಾರೆ. ನನಗೆ ಅದು ಅವಸರದ ಮಾತು ಅನಸ್ತೈತಿ. ಬಣ್ಣ ಕೂಡಿಸೋ ಧೈರ್ಯ ಅವರದ್ದೇ, ಒಪ್ಪಿದೆ. ಆದ್ರ ಗಡಿ ಈಚೆ ನಮ್ಮನಿಯೊಳಗೂ ಹೊಲಿಗಿ ಅದೇ ದಾರಿ ಹಿಡೀತೈತಿ. ಅವರು ನಮ್ಮಿಂದ ಕಲಿತ್ರೋ, ನಾವು ಅವರಿಂದಲೋ, ಅಕ್ಕಪಕ್ಕ ಕೂತು ಇಬ್ಬರೂ ಕೂಡಿ ಕಲಿತ್ರೋ! ಸೂಜಿ ಹಿಡಿದವರು ಜಿಲ್ಲೆ ಗಡಿ ನೋಡಿಲ್ಲ. ಗಡಿ ನೋಡಿದ್ದು ಸರ್ಕಾರ. ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿ ಸೇರಿದರು. ಧಾರವಾಡ, ಬೆಳಗಾವಿ ಜಿಲ್ಲೆಯ ಸಿದ್ದಿಗಳನ್ನು ಸೇರಿಸಿದ್ದು 2020ರ ತಿದ್ದುಪಡಿ. ಅದೇ ಜನ, ಅದೇ ಕಾಡು, ಹಕ್ಕಿಗೆ ಮಾತ್ರ 17 ವರ್ಷದ ಅಂತರ.

(4/7)
ಈಗ ಸ್ವಲ್ಪ ಹತ್ತಿಯ ಕಥೆ. ಬ್ಯಾಸರ ಮಾಡ್ಕೋಬ್ಯಾಡ್ರಿ, ಕೌದಿಗೆ ವಾಪಸ್ ಬರ್ತೀನಿ.

1840ರ ದಶಕದಲ್ಲಿ ಕಂಪನಿ ಸರ್ಕಾರ ಅಮೆರಿಕದ ಹತ್ತಿ ಬೀಜ ತಂದು ನಮ್ಮ ಧಾರವಾಡ ಜಿಲ್ಲೆಯಲ್ಲಿ ಬೆಳೆಸಿ ನೋಡಿತು. ಹುಬ್ಬಳ್ಳಿ ಹತ್ತಿರದ ಕುಸುಗಲ್ಲಿನಲ್ಲಿ ಪ್ರಯೋಗದ ಹೊಲ ಇತ್ತು. ಇಲ್ಲಿಯ ಎರೆಮಣ್ಣಿಗೆ ಅದು ಒಗ್ಗಿತು, "ಧಾರವಾಡ-ಅಮೆರಿಕನ್" ಅಂತ ಹೆಸರಾಯಿತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ. ಅಲ್ಲಿಯ ಹತ್ತಿ ಮ್ಯಾಂಚೆಸ್ಟರಿಗೆ ಹೋಗೋದು ನಿಂತಿತು, ಇಲ್ಲಿ ಹತ್ತಿ ರೇಟು ಮುಗಿಲಿಗೆ ಏರಿತು. ಧಾರವಾಡದ ಹತ್ತಿ ಹಡಗು ಹತ್ತಿಸೋಕೆ ಕಾರವಾರ ಬಂದರು ಬೇಕು ಅಂತಲೇ 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ತೆಗೆದು ಮುಂಬೈ ಪ್ರಾಂತಕ್ಕೆ ಸೇರಿಸಿದರು. ಹುಬ್ಬಳ್ಳಿ, ಕಲಘಟಗಿ, ಯಲ್ಲಾಪುರ, ಅರಬೈಲ್ ಘಟ್ಟ: ನಾವು ಈಗ ಬಸ್ಸಿನಾಗ ವಾಂತಿ ಮಾಡ್ಕೋತ ಗೋಕರ್ಣಕ್ಕೆ ಹೋಗ್ತೀವಲ್ಲ, ಅದೇ ದಿಕ್ಕು. ಯುದ್ಧ ಮುಗೀತು, ರೇಟು ಬಿತ್ತು.

ಇದನ್ನ ಯಾಕೆ ಹೇಳಿದೆ ಅಂದ್ರ, ಅಮೆರಿಕದಲ್ಲಿ ಆ ಹತ್ತಿ ಬಿಡಿಸುತ್ತಿದ್ದವರು ಯಾರು ಅನ್ನೋ ಪ್ರಶ್ನೆಗೆ.

(5/7)
ಅಲಬಾಮಾ ರಾಜ್ಯದಲ್ಲಿ ನದಿಯ ಒಂದು ತಿರುವಿನಲ್ಲಿ ಗೀಸ್ ಬೆಂಡ್ ಅನ್ನೋ ಊರಿದೆ. 19ನೇ ಶತಮಾನದ ಆರಂಭದಲ್ಲಿ ಗೀ ಎಂಬ ಮನೆತನದ ಹತ್ತಿ ತೋಟ, ಕೆಲಸಕ್ಕೆ ಆಫ್ರಿಕಾ ಮೂಲದ ಗುಲಾಮರು. 1845ರಲ್ಲಿ ತೋಟ ಮಾರ್ಕ್ ಪೆಟ್ವೇ ಎಂಬವನ ಕೈಗೆ ಹೋಯಿತು. ಗುಲಾಮಗಿರಿ ಹೋದ ಮೇಲೂ ಬಹಳ ಕುಟುಂಬಗಳಿಗೆ ಆ ಧಣಿಯ ಪೆಟ್ವೇ ಅನ್ನೋ ಹೆಸರೇ ಉಳೀತು. ಅಲ್ಲಿಯ ಹೆಣ್ಣುಮಕ್ಕಳು ಸವೆದ ಕೆಲಸದ ಬಟ್ಟೆ ಹರಿದು ಜೋಡಿಸಿ ಹೊದಿಕೆ ಹೊಲಿದರು. ಹಂಗಾದ್ರ ಅಲ್ಲಿಯ ಹತ್ತಿ ಹೊಲದ ಜನರೂ ಕೌದಿಯನ್ನೇ ಹೊದ್ದು ಮಲಗಿದರು. ಹೆಸರು ಬೇರೆ ಅಷ್ಟ. (ಅವರು ಮೊದಲು ಮೇಲ್ಭಾಗ ಜೋಡಿಸಿಕೊಂಡು ಆಮೇಲೆ ಪದರ ಸೇರಿಸ್ತಾರ, ನಮ್ಮಂಗ ಎರಡೂ ಒಮ್ಮೆಲೆ ಅಲ್ಲ.)

1966ರಲ್ಲಿ ಆ ಭಾಗದ ಹೆಣ್ಣುಮಕ್ಕಳು ಫ್ರೀಡಂ ಕ್ವಿಲ್ಟಿಂಗ್ ಬೀ ಅನ್ನೋ ಸಹಕಾರಿ ಕಟ್ಟಿದರು. 2002ರಲ್ಲಿ ಹ್ಯೂಸ್ಟನ್ ನಗರದ ಕಲಾ ಮ್ಯೂಸಿಯಂ ಗೀಸ್ ಬೆಂಡಿನ ಹೊದಿಕೆಗಳನ್ನು ಗೋಡೆಗೆ ತೂಗುಹಾಕಿತು, ಹೊಲಿದವರ ಹೆಸರು ಬರೆದು. 2006ರಲ್ಲಿ ಅವು ಅಮೆರಿಕದ ಅಂಚೆಚೀಟಿ ಮೇಲೆ ಬಂದವು. 2007ರಲ್ಲಿ, ನಮಗೆ ಸಿಗಬೇಕಾದ ದುಡ್ಡು ಸಿಕ್ಕಿಲ್ಲ ಅಂತ ಅವರಲ್ಲಿ ಕೆಲವರು ಕೋರ್ಟಿಗೆ ಹೋದರು. ಮರುವರ್ಷ ರಾಜಿಯಾಯಿತು. ಮ್ಯೂಸಿಯಂ ಕಥೆ ಹೇಳೋವಾಗ ಈ ಕೊನೇ ಸಾಲನ್ನ ಬಿಟ್ಟುಬಿಡ್ತಾರ, ಅದಕ್ಕ ನಾ ಬಿಡಲಿಲ್ಲ.

(6/7)
ಸಿದ್ದಿ ಕವಂದಿಗೂ ಇಂಥದೇ ಒಂದು ತಿರುವು ಬಂತು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಹೆನ್ರಿ ಡ್ರೂವಲ್ ಎಂಬ ಕಲಾ ಇತಿಹಾಸಕಾರರು ಉತ್ತರ ಕನ್ನಡದ ಸಿದ್ದಿಗಳ ಊರುಗಳಿಗೆ ಬಂದರು. 2004ರಲ್ಲಿ ಅವರು ಮತ್ತು ಸಾರಾ ಖಾನ್ ಜೊತೆಯಾಗಿ ಸಿದ್ದಿ ಹೆಣ್ಣುಮಕ್ಕಳ ಕವಂದಿ ಸಹಕಾರಿ ಶುರುವಾಗಲು ನೆರವಾದರು. 2011ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿರುವ ಶೋಂಬರ್ಗ್ ಕೇಂದ್ರದಲ್ಲಿ ಕವಂದಿಗಳ ಪ್ರದರ್ಶನ ನಡೆಯಿತು. ಹಾರ್ಲೆಮ್ ಅಂದ್ರ ಕಪ್ಪು ಅಮೆರಿಕನ್ನರ ಸಾಹಿತ್ಯ, ಸಂಗೀತದ ತವರುಮನಿ. ನಮ್ಮ ಪಕ್ಕದ ಕಾಡಿನ ಹಳೆ ಅರಿವಿ ಅಲ್ಲಿ ಹೋಗಿ ನಿಂತಿತು!

ಸ್ಯಾನ್ ಫ್ರಾನ್ಸಿಸ್ಕೋದ ಮಾರ್ಗರೆಟ್ ಫಾಬ್ರಿಜಿಯೊ ಎಂಬ ಕಲಾವಿದೆ ಕವಂದಿಗಳನ್ನ ನೋಡಿ, ಸಿದ್ದಿ ಹೆಣ್ಣುಮಕ್ಕಳ ಹತ್ತಿರವೇ ಬಂದು ಕೂತು ನೋಡಿ, ವಾಪಸ್ ಹೋಗಿ ಆ ಪದ್ಧತಿಯನ್ನು ಅಲ್ಲಿಯವರಿಗೆ ಕಲಿಸಿದರು. ಇವತ್ತು ಅಮೆರಿಕ, ಇಂಗ್ಲೆಂಡಿನ ಹೊಲಿಗೆ ಪ್ರಿಯರು "ಕವಂದಿ" ಅನ್ನೋ ಶಬ್ದವನ್ನೇ ಬಳಸಿ ತರಗತಿ ನಡೆಸ್ತಾರ. ಕಲೆ ಹಂಚಿಕೊಂಡ್ರ ಕಡಿಮೆ ಆಗೋದಿಲ್ಲ, ನನಗೂ ಖುಷಿನೇ. ಆದ್ರ ಇದೇ ಆ್ಯಪ್‌ನಾಗ ಕವಂದಿ ಅಂತ ಹುಡುಕಿ ನೋಡ್ರಿ. ಚಂದ ಚಂದ ಪೋಸ್ಟು ಬರ್ತಾವ. ಎಷ್ಟು ಪೋಸ್ಟಿನಾಗ ಸಿದ್ದಿ ಅನ್ನೋ ಶಬ್ದ ಐತಿ, ಅದನ್ನ ನೀವೇ ಎಣಿಸ್ರಿ.

ಮತ್ತ ನಮ್ಮ ಕೌದಿ? ಮೊದಲು ಊರೂರು ತಿರುಗಿ ಕೌದಿ ಹೊಲಿದುಕೊಡೋ ಅಲೆಮಾರಿ ಹೆಣ್ಣುಮಕ್ಕಳು ಬರ್ತಿದ್ರು, ಕೂಲಿ ಅಂತ ಕಾಳುಕಡಿ ಒಯ್ತಿದ್ರು. ಮನಿ ಹೆಣ್ಣುಮಕ್ಕಳೇ ಹೊಲಿಯೋದಾದ್ರ ಸುಗ್ಗಿ ಮುಗಿದ ಮೇಲೆ ಓಣಿಯವರು ಕೂಡಿ ಒಬ್ಬೊಬ್ಬರು ಒಂದೊಂದು ಬದಿ ಹಿಡಿದು ಕೂಡ್ತಿದ್ರು. ಅದೇ ನಮ್ಮ ಸಹಕಾರಿ, ರಿಜಿಸ್ಟರ್ ಮಾಡಿಸಿರಲಿಲ್ಲ ಅಷ್ಟ. ಈಗ ಸಂತ್ಯಾಗ ಮಿಂಕ್ ಬ್ಲಾಂಕೆಟ್ ಸಿಗತೈತಿ. ಕೌದಿ ಟ್ರಂಕಿನ ತಳಕ್ಕ, ಇಲ್ಲಾ ದನದ ಕೊಟ್ಟಿಗಿಗೆ, ಇಲ್ಲಾ ಟ್ರ್ಯಾಕ್ಟರ್ ಸೀಟಿಗೆ.

(7/7)
ಬಿಕಾಂ ದೋಸ್ತರೇ, ಇದು ನಿಮಗೆ. ಪ್ರೈಮ್ ಕಾಸ್ಟ್ ನೆನಪೈತಲ್ಲ? ಕಚ್ಚಾ ಮಾಲು, ನೇರ ಕೂಲಿ, ನೇರ ಖರ್ಚು. ನಮ್ಮ ಆಯಿ ಹೋದ ಸಲ ಒಬ್ಬರು ಹೊದೆಯೋ ಅಳತೆಯ ಕೌದಿ ಹೊಲಿದಾಗ ನಾ ಬರೆದಿಟ್ಟೆ. ದಿನಕ್ಕ ಎರಡು ತಾಸಿನಂಗ 40 ದಿನ, ಒಟ್ಟು 80 ತಾಸು. ಎಂಟು ತಾಸಿಗೆ ಒಂದು ದಿನ ಅಂದ್ರೂ 10 ದಿನದ ಕೂಲಿ. ಕರ್ನಾಟಕದಲ್ಲಿ 2025–26ರ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. ಕೂಲಿ ಒಂದೇ 3,700 ಆತು. ಅರಿವಿಗೆ, ದಾರಕ್ಕೆ, ಕಣ್ಣಿಗೆ ಲೆಕ್ಕ ಹಿಡಿದಿಲ್ಲ. ಕುಶಲ ಕೆಲಸ ಅಂತಲೂ ಹಿಡಿದಿಲ್ಲ. ಆಯಿಗೆ ಈ ಲೆಕ್ಕ ಹೇಳಿದೆ. "ಅಷ್ಟು ರೊಕ್ಕ ಕೊಟ್ಟು ಹಳೆ ಅರಿವಿ ಯಾರ್ ತಗೋತಾರಲೇ" ಅಂದ್ಳು. "ನ್ಯೂಯಾರ್ಕಿನವರು" ಅಂದೆ. ನಂಬಲಿಲ್ಲ, ಫೋಟೋ ತೋರಿಸಿದೆ. ಬಹಳ ಹೊತ್ತು ಝೂಮ್ ಮಾಡಿಸಿ ನೋಡಿ, "ಮೂಲಿ ಚಲೋ ಹಚ್ಯಾರ. ನಡುವ ಹೊಲಿಗಿ ಸಡಲ ಬಿಟ್ಟಾರ ನೋಡು" ಅಂದ್ಳು.

ಬರೋ ಐತವಾರ ಆಯಿ ಹೊಸ ಕೌದಿಗೆ ಕೂಡ್ತಾಳ. ಕಲೀಬೇಕು ಅನ್ನೋವರು ಬರ್ರಿ, ಹುಡುಗರೂ ಬರಬಹುದು. ಬರೋವಾಗ ನಿಮ್ಮನಿ ಹಳೆ ಅರಿವಿ ತರ್ರಿ. ಹತ್ತಿ ಅರಿವಿ ಆಗಬೇಕು, ಪಾಲಿಸ್ಟರ್ ಸೂಜಿಗೆ ಜಾರ್ತೈತಿ. ಸೂಜಿ, ದಾರ ನಮ್ಮ ಕಡೆಯಿಂದ. ಬರಾಕ ಆಗದವರು ನಿಮ್ಮನಿ ಕೌದಿಯ ಬೆನ್ನಿನ ಫೋಟೋ ಕಳಸ್ರಿ. ಜೊತೆಗೆ ಯಾರು ಹೊಲಿದದ್ದು, ಯಾವ ಊರಿನ ಮಗಳು, ಯಾರ್ಯಾರ ಅರಿವಿ ಅದರೊಳಗ ಐತಿ, ಕೇಳಿ ಬರೀರಿ. "ಆಯಿ" ಅಂತ ಬರೆದ್ರ ನಡೆಯೋದಿಲ್ಲ. ಹೆಸರು ಬೇಕು.

#ಕೌದಿ #ಕವಂದಿ #ಸಿದ್ದಿ #ಕಲಘಟಗಿ #ಬಮ್ಮಿಗಟ್ಟಿ