ಬೂತಾಯಿಯ ಬೆನ್ನು ಹತ್ತಿದ ಕಡಲಶಾಸ್ತ್ರ

ಕಡಲ ಸಂಶೋಧನೆ ಎಂದರೆ ಈಗ ಎಲ್ಲರ ಬಾಯಲ್ಲೂ ‘ಮತ್ಸ್ಯ 6000’. ಮೂವರನ್ನು 6,000 ಮೀಟರ್ ಆಳಕ್ಕೆ ಇಳಿಸಲೆಂದು ರೂಪುಗೊಂಡ ಈ ವಾಹನ, 2021ರಲ್ಲಿ ಒಪ್ಪಿಗೆ ಪಡೆದ 4,077 ಕೋಟಿ ರೂಪಾಯಿಯ ಆಳಸಾಗರ ಯೋಜನೆಯ ಭಾಗ. ತಳದ ನಿಕ್ಕಲ್, ಕೋಬಾಲ್ಟ್‌ಗಳೇ ಕಡಲ ಅಧ್ಯಯನದ ಗುರಿ ಎಂಬ ನಂಬಿಕೆ ಇದರಿಂದ ಬಲಿಯುತ್ತಿದೆ. ಆದರೆ ಪಶ್ಚಿಮ ಕರಾವಳಿಯಲ್ಲಿ ಈ ಶಾಸ್ತ್ರ ಬೇರುಬಿಟ್ಟದ್ದು ಅದಿರಿನಿಂದಲ್ಲ, ಮೀನಿನಿಂದ.

1872ರಿಂದ 1876ರವರೆಗೆ ಜಗತ್ತು ಸುತ್ತಿದ ಬ್ರಿಟನ್ನಿನ ‘ಚಾಲೆಂಜರ್’ ಹಡಗು ಸಾಗರವಿಜ್ಞಾನಕ್ಕೆ ತಳಪಾಯ ಹಾಕಿತು. 1933-34ರಲ್ಲಿ ಸೀಮೋರ್ ಸೆವೆಲ್ ತಂಡ ‘ಮಬಾಹಿಸ್’ ಹಡಗಿನಲ್ಲಿ ಅರಬ್ಬಿ ಸಮುದ್ರವನ್ನು ಶೋಧಿಸಿತು. ಬೂತಾಯಿ ಮೀನು ಒಂದು ವರ್ಷ ರಾಶಿ ಬಿದ್ದು ಮತ್ತೊಂದು ವರ್ಷ ಕಾಣೆಯಾಗುವುದೇಕೆ ಎಂಬ ಪ್ರಶ್ನೆಯನ್ನು ಮದ್ರಾಸ್ ಮೀನುಗಾರಿಕೆ ಇಲಾಖೆಯ ಜೇಮ್ಸ್ ಹಾರ್ನೆಲ್ ಅದಕ್ಕೂ ಮೊದಲೇ ಎತ್ತಿಕೊಂಡಿದ್ದರು. 1947ರಲ್ಲಿ ಹುಟ್ಟಿದ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಅದನ್ನು ಮುಂದುವರಿಸಿತು.

ಸುಮಾರು 40 ಹಡಗುಗಳು ಪಾಲ್ಗೊಂಡ ಅಂತರರಾಷ್ಟ್ರೀಯ ಹಿಂದೂ ಮಹಾಸಾಗರ ಶೋಧಯಾನ ಮುಗಿದ ಮರುವರ್ಷ, 1966ರಲ್ಲಿ, ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆ ಆರಂಭವಾಗಿ ಗೋವಾದ ದೋನಾ ಪಾವ್ಲಾದಲ್ಲಿ ನೆಲೆಯೂರಿತು. ಅದರ ‘ಗವೇಷಣಿ’ ಹಡಗು 1981ರ ಜನವರಿಯಲ್ಲಿ ಲೋಹದ ಗಂಟುಗಳನ್ನು ಮೇಲೆತ್ತಿದ್ದು ದೊಡ್ಡ ಸುದ್ದಿಯಾಯಿತು.

ಅದಕ್ಕಿಂತ ಹೆಚ್ಚು ಬಾಳುವ ಕೆಲಸ ಸದ್ದಿಲ್ಲದೆ ನಡೆಯಿತು. ಅದೇ ಸಂಸ್ಥೆಯ ಸತೀಶ್ ಶೆಟ್ಯೆ ಮತ್ತು ಸಂಗಡಿಗರು 1987ರ ಮಳೆಗಾಲದಲ್ಲಿ ಪಶ್ಚಿಮ ಕರಾವಳಿಯುದ್ದಕ್ಕೂ ನೀರಿನ ಉಷ್ಣತೆ, ಲವಣಾಂಶ ಅಳೆದರು. ಮುಂಗಾರಿನಲ್ಲಿ ಪ್ರವಾಹ ದಕ್ಷಿಣಕ್ಕೆ ಹರಿಯುತ್ತದೆ. ಆಳದ ತಣ್ಣೀರು ದಡದ ಬಳಿ ಮೇಲೇರುತ್ತದೆ. ಅದು ಹೊತ್ತು ತರುವ ಪೋಷಕಾಂಶಗಳಿಂದ ಪ್ಲವಕ ಬೆಳೆಯುತ್ತದೆ, ಪ್ಲವಕ ತಿಂದು ಬೂತಾಯಿ ಕೊಬ್ಬುತ್ತದೆ. ಚಳಿಗಾಲದಲ್ಲಿ ಪ್ರವಾಹ ಗಾಳಿಗೆ ಎದುರಾಗಿ ಉತ್ತರಕ್ಕೆ ತಿರುಗುತ್ತದೆ. ಬಂಗಾಳ ಕೊಲ್ಲಿಯ ಮೇಲೆ ಬೀಸುವ ಗಾಳಿಯ ಪರಿಣಾಮ ಶ್ರೀಲಂಕಾವನ್ನು ಬಳಸಿಕೊಂಡು, ದಡಕ್ಕಂಟಿದ ಅಲೆಯಾಗಿ ಇತ್ತ ಬರುತ್ತದೆ ಎಂಬ ವಿವರಣೆ 1990ರ ದಶಕದಲ್ಲಿ ಗಟ್ಟಿಯಾಯಿತು. ಕಾರವಾರದ ಕಡಲನ್ನು ಅರಿಯಲು ಕೊಲ್ಲಿಯನ್ನೂ ನೋಡಬೇಕೆಂದು ತೋರಿಸಿದ್ದು ಭಾರತೀಯ ಸಾಗರವಿಜ್ಞಾನದ ಅತ್ಯುತ್ತಮ ಸಾಧನೆಗಳಲ್ಲೊಂದು.

ಹೀಗೆ ಮೇಲೇರುವ ಆಳದ ನೀರಿನ ಇನ್ನೊಂದು ಮುಖ ಆಮ್ಲಜನಕದ ಕೊರತೆ. ಅದನ್ನು ಪತ್ತೆಹಚ್ಚಲು ಹಡಗಿನ ಅಟ್ಟದ ಮೇಲೆ ಪುಟ್ಟ ಗಾಜಿನ ಸೀಸೆಗೆ ಸಮುದ್ರದ ನೀರು ತುಂಬಿ ಮ್ಯಾಂಗನೀಸ್ ದ್ರಾವಣ, ಕ್ಷಾರೀಯ ಅಯೋಡೈಡ್ ಬೆರೆಸುತ್ತಾರೆ. ಕಂದು ಗಷ್ಟು ಕೂತರೆ ನೀರಲ್ಲಿ ಆಮ್ಲಜನಕವಿದೆ. ಗಷ್ಟು ಬೆಳ್ಳಗೇ ಉಳಿದರೆ ಇಲ್ಲ. 1999ರಲ್ಲಿ ಎಸ್.ಡಬ್ಲ್ಯು.ಎ. ನಖ್ವಿ ತಂಡಕ್ಕೆ ದಡದ ಸಮೀಪದ ಆಳವಿಲ್ಲದ ನೀರಿನಲ್ಲೇ ಆಮ್ಲಜನಕ ಸಂಪೂರ್ಣ ಬರಿದಾಗಿ, ಹೈಡ್ರೋಜನ್ ಸಲ್ಫೈಡ್ ಕಂಡಿತು. ಮರುವರ್ಷ ‘ನೇಚರ್’ ಪತ್ರಿಕೆಯಲ್ಲಿ ಬಂದ ಅವರ ಲೇಖನ, ಇಲ್ಲಿಂದ ಹೊಮ್ಮುವ ಹಸಿರುಮನೆ ಅನಿಲ ನೈಟ್ರಸ್ ಆಕ್ಸೈಡಿನ ಕಡೆಗೆ ಜಗತ್ತಿನ ಗಮನ ಸೆಳೆಯಿತು. ಮೀನಿನ ಪ್ರಶ್ನೆ ಹವಾಮಾನದ ಪ್ರಶ್ನೆಯೂ ಆಯಿತು.

ಈಗ ಉಪಕರಣಗಳಿಗೆ ಕೊರತೆಯಿಲ್ಲ. 2,000 ಮೀಟರ್‌ವರೆಗೆ ಮುಳುಗೇಳುವ ಆರ್ಗೋ ತೇಲುಯಂತ್ರಗಳು ಪ್ರಪಂಚದಾದ್ಯಂತ ಸುಮಾರು 4,000 ಇವೆ. ಆದರೆ ಅವು ದಡದ ಬಳಿಯ ಆಳವಿಲ್ಲದ ನೀರಿಗೆ ಹೇಳಿ ಮಾಡಿಸಿದವಲ್ಲ. ಮೀನಿನ ತಾಣ ಸೂಚಿಸಲು ನೆರವಾಗುವ ಉಪಗ್ರಹಗಳಿಗೆ ಮುಂಗಾರು ಮೋಡ ಅಡ್ಡ. ಮೀನುಗಾರಿಕೆ ನಿಷೇಧದಿಂದಾಗಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳೂ ಬಂದರಿನಲ್ಲೇ. ಹೀಗಾಗಿ ತಣ್ಣೀರು ಮೇಲೇರುವ ದಿನಗಳಲ್ಲೇ ಅಳತೆ ಅತಿ ಕಡಿಮೆ. ಗೋವಾದ ಕಾಂದೊಳಿಯಲ್ಲಿ 1997ರಿಂದ ನಡೆದಿರುವ ಸರಣಿ ಮಾಪನ ಬೆರಳೆಣಿಕೆಯ ಅಪವಾದಗಳಲ್ಲೊಂದು.

2010ರ ದಶಕದಲ್ಲಿ ಬೂತಾಯಿ ಮತ್ತೆ ಕೈಕೊಟ್ಟಾಗ ಅತಿಯಾದ ಮೀನುಗಾರಿಕೆ, ಬಿಸಿಯೇರಿದ ನೀರು, ಎಲ್ ನಿನೊ ಎಂದು ಹಲವು ಕಾರಣ ಕೇಳಿಬಂದವು. ಅವುಗಳಲ್ಲಿ ಯಾವುದರ ಪಾಲೆಷ್ಟು ಎಂದು ತೂಗಲು ದಡದಂಚಿನ ಮಳೆಗಾಲದ ದೀರ್ಘ ದಾಖಲೆ ಬೇಕು. ಮಲ್ಪೆಯಿಂದಾಚೆ ವರ್ಷವಿಡೀ ಉಷ್ಣತೆ, ಆಮ್ಲಜನಕ ಅಳೆಯುವ ಕೆಲವು ಲಂಗರು ಕೇಂದ್ರಗಳಿಗೆ ತಗಲುವ ವೆಚ್ಚ, ಆಳಸಾಗರ ಯೋಜನೆಯ ಮೊತ್ತದ ಮುಂದೆ ತೀರ ಸಣ್ಣದು.