ಕಿರು ಮೈಕ್ರೊಫೋನಿನ ತಂತಿ ಮತ್ತು ಪಿನ್ನಿನ ಚರಿತ್ರೆ

ಉಡುಪಿಗೆ, ಕೊರಳಿಗೆ ಇಲ್ಲವೆ ಕೂದಲಂಚಿಗೆ ಸಿಕ್ಕಿಸುವಷ್ಟು ಚಿಕ್ಕದಾದ, ಕೆಲವೇ ಮಿಲಿಮೀಟರ್ ಅಗಲದ ಧ್ವನಿಗ್ರಾಹಕಕ್ಕೆ ಕಿರು ಮೈಕ್ರೊಫೋನು ಎನ್ನುತ್ತಾರೆ. ಆಡುಮಾತಿನಲ್ಲಿ ಅದು ಕಾಲರ್ ಮೈಕ್. ಸದ್ದನ್ನು ವಿದ್ಯುತ್ತಾಗಿ ಬದಲಿಸುವ ಕ್ಯಾಪ್ಸೂಲು, ಆ ವಿದ್ಯುತ್ತನ್ನು ಒಯ್ಯುವ ತಂತಿ, ಯಂತ್ರಕ್ಕೆ ಸೇರಿಸುವ ಪಿನ್ನು ಇವು ಅದರ ಮೂರು ಭಾಗಗಳು. ಚರಿತ್ರೆಕಾರರು ಹೆಚ್ಚಾಗಿ ಕ್ಯಾಪ್ಸೂಲನ್ನೇ ಕುರಿತು ಬರೆದಿದ್ದರೂ ರಂಗದ ಮೇಲೆ ಕೈಕೊಡುವುದು ಬಹುಮಟ್ಟಿಗೆ ತಂತಿ ಮತ್ತು ಬೆಸುಗೆಯಾದ್ದರಿಂದ, ಅವೆರಡರ ಚರಿತ್ರೆಗೂ ಅಷ್ಟೇ ಮಹತ್ವವಿದೆ.

ರಂಗದ ಈ ಅಗತ್ಯವನ್ನು ಉತ್ತರ ಕರ್ನಾಟಕದ ಒಂದು ಸೀಮೆಯಲ್ಲಿ ಚೆನ್ನಾಗಿ ಕಾಣಬಹುದು. ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ಸೀಮೆಯು ಹಾಡುತ್ತ ಆಡುವ ರಂಗಕಲೆಗಳ ನೆಲೆ. ಅಪರಾಳ ತಮ್ಮಣ್ಣನು ರಚಿಸಿ ಕುಲಗೋಡು ತಮ್ಮಣ್ಣನು ರಂಗಕ್ಕೆ ಹೊಂದಿಸಿದನೆಂದು ಹೇಳಲಾಗುವ ಶ್ರೀಕೃಷ್ಣ ಪಾರಿಜಾತವು ಘಟಪ್ರಭೆ-ಕೃಷ್ಣೆಯರ ನಡುವಣ ಈ ನಾಡಿನಲ್ಲಿ ಊರೂರಿಗೆ ಹಬ್ಬಿದ ಆಟವಾಗಿದ್ದು, ಅದರಲ್ಲಿ ಪಾತ್ರಧಾರಿಯು ನಿಂತಲ್ಲಿ ನಿಲ್ಲದೆ ಹೆಜ್ಜೆ ಹಾಕುತ್ತಲೇ ಹಾಡಬೇಕಾಗುತ್ತದೆ. ಧ್ವನಿವರ್ಧಕವಿಲ್ಲದ ಕಾಲದಲ್ಲಿ ಬಯಲಿನ ಕೊನೆಯವರೆಗೆ ಮಾತು ಮುಟ್ಟಿಸುವ ಹೊಣೆ ಕಂಠದ್ದೇ ಆಗಿತ್ತು. ಏರುಶ್ರುತಿಯ ಹಾರ್ಮೋನಿಯಂ, ಒಂದೇ ಸಾಲನ್ನು ಹಿಮ್ಮೇಳದವರು ಮತ್ತೆ ಎತ್ತಿ ಹಾಡುವ ಕ್ರಮ ಇವೆಲ್ಲ ಆ ಹೊಣೆಗೆ ನೆರವಾದವು.

ಮೈಕ್ರೊಫೋನಿನೊಂದಿಗೆ ಈ ಸೀಮೆಯ ಹೆಸರನ್ನು ದೇಶಮಟ್ಟದಲ್ಲಿ ಸೇರಿಸಿದವರು ಬೀಳಗಿಯ ಗಾಯಕಿ ಅಮೀರಬಾಯಿ ಕರ್ನಾಟಕಿ. ಅವರ ಸೋದರಿ ಗೋಹರಬಾಯಿಯವರ ಹೆಸರು ಮರಾಠಿ ನಟ-ಗಾಯಕ ಬಾಲಗಂಧರ್ವರ ರಂಗಭೂಮಿಯೊಡನೆ ಬೆಸೆದಿದ್ದರೆ, 1943ರ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ಮನೆಮಾತಾದ ಅಮೀರಬಾಯಿಯವರ ಕಂಠವು ಸ್ಟುಡಿಯೊದ ಮೈಕ್ರೊಫೋನಿನ ಮೂಲಕ ನಾಡಿಗೆ ತಲುಪಿತು. 1925ರಿಂದ ವಿದ್ಯುತ್ ಧ್ವನಿಮುದ್ರಣ ರೂಢಿಗೆ ಬಂದ ಮೇಲೆ, ಕಂಠವನ್ನು ಎಸೆಯದೆ ಮೆಲ್ಲಗೆ ಹಾಡಿದರೂ ಅದರ ಬಳುಕು ದಾಖಲಾಗುವುದು ಸಾಧ್ಯವಾಗಿತ್ತು. ಆದರೆ ಸ್ಟುಡಿಯೊದಲ್ಲಿ ಮೈಕು ಸ್ಥಿರವಾಗಿದ್ದು ಗಾಯಕರೇ ಅದರ ಬಳಿಗೆ ಬರುತ್ತಿದ್ದುದರಿಂದ ತಂತಿಗೆ ಅಲುಗಾಟದ ಕಷ್ಟವಿರಲಿಲ್ಲ. ಜಾತ್ರೆಯ ರಂಗಕ್ಕೂ ಮೈಕ್ ಸೆಟ್ ಬಂದಾಗ ಮೊದಲಿಗೆ ಇದೇ ಪದ್ಧತಿ ನಡೆಯಿತು: ಸ್ಟ್ಯಾಂಡಿನ ಮೇಲೊಂದು ಇಲ್ಲವೆ ಮೇಲಿನಿಂದ ತೂಗುಬಿಟ್ಟ ಒಂದೆರಡು ಮೈಕು, ಹಾಡು ಬಂದಾಗ ಅದರ ಮುಂದಕ್ಕೆ ಬಂದು ನಿಲ್ಲುವ ಪಾತ್ರಧಾರಿ. ಆಟದ ಚಲನೆಯನ್ನು ಅದು ಎಷ್ಟು ಕುಗ್ಗಿಸಿತೆಂಬುದನ್ನು ರಂಗಭೂಮಿಯ ಇತಿಹಾಸವು ಇನ್ನೂ ತಕ್ಕಷ್ಟು ಗಮನಿಸಿಲ್ಲ.

ಆ ದೊಡ್ಡ ಮೈಕುಗಳ ಪಿನ್ನುಗಳಲ್ಲಿ ಎರಡು ಇಂದಿಗೂ ಉಳಿದಿವೆ. ಕಾಲಿಂಚಿನ ಜ್ಯಾಕು 19ನೆಯ ಶತಮಾನದ ಟೆಲಿಫೋನ್ ವಿನಿಮಯ ಹಲಗೆಗಳಿಂದ ಬಂದುದು. ಮೂರು ಕಡ್ಡಿಯ ಎಕ್ಸ್‌ಎಲ್‌ಆರ್ ಪಿನ್ನು ಅಮೆರಿಕದ ಕ್ಯಾನನ್ ಕಂಪನಿಯದು. ಎಕ್ಸ್‌ಎಲ್‌ಆರ್‌ನ ಒಂದನೆಯ ಕಡ್ಡಿಗೆ ತಂತಿಯ ಸುತ್ತಲಿನ ಲೋಹದ ಹೊದಿಕೆ, ಉಳಿದೆರಡಕ್ಕೆ ಒಂದೇ ಸಂಕೇತದ ನೇರ ಮತ್ತು ತಿರುಗುಮುರುಗು ರೂಪಗಳು ಸೇರುತ್ತವೆ. ಹೊರಗಿನ ಗದ್ದಲ ಎರಡೂ ತಂತಿಗಳಲ್ಲಿ ಸಮನಾಗಿ ಬೀಳುವುದರಿಂದ, ಯಂತ್ರವು ಒಂದರಿಂದ ಇನ್ನೊಂದನ್ನು ಕಳೆದಾಗ ಗದ್ದಲ ಅಳಿದು ಧ್ವನಿ ಉಳಿಯುತ್ತದೆ. ಇದಕ್ಕೆ ಸಮತೋಲಿತ ಜೋಡಣೆ ಎಂದು ಹೆಸರು. ಎರಡನೆಯ ಕಡ್ಡಿಯೇ ನೇರದ್ದಾಗಿರಬೇಕೆಂಬ ವಿಷಯ ಬಹುಕಾಲ ಕಂಪನಿಗೊಂದು ಬಗೆಯಾಗಿದ್ದು, ಆಡಿಯೊ ಎಂಜಿನಿಯರಿಂಗ್ ಸೊಸೈಟಿಯು 1992ರಲ್ಲಿ ಅದನ್ನು ಮಾನಕವಾಗಿ ನಿಗದಿಪಡಿಸಿತು.

ಮೈಕು ಮೈಮೇಲೆ ಹೆಚ್ಚು ಬಳಕೆಗೆ ಬಂದುದು 1950ರ ದಶಕದಲ್ಲಿ, ಕೊರಳಿಗೆ ದಾರದಿಂದ ಪದಕದಂತೆ ತೂಗುವ ರೂಪದಲ್ಲಿ. ಅದನ್ನು ನಿಜವಾಗಿ ಕಿರಿದು ಮಾಡಿದ್ದು ಬೆಲ್ ಪ್ರಯೋಗಾಲಯದ ಗೆರ್ಹಾರ್ಡ್ ಸೆಸ್ಲರ್ ಮತ್ತು ಜೇಮ್ಸ್ ವೆಸ್ಟ್ 1962ರಲ್ಲಿ ರೂಪಿಸಿದ ಎಲೆಕ್ಟ್ರೆಟ್ ಮೈಕ್ರೊಫೋನು. ವಿದ್ಯುದಾವೇಶವನ್ನು ಶಾಶ್ವತವಾಗಿ ಹಿಡಿದಿಡುವ ತೆಳುಹಾಳೆಗೆ ಎಲೆಕ್ಟ್ರೆಟ್ ಎಂದು ಹೆಸರು. ಹಾಳೆಗೆ ಹೊರಗಿನ ವಿದ್ಯುತ್ತು ಬೇಡವಾದರೂ, ಅದರ ಅತಿ ಕ್ಷೀಣ ಸಂಕೇತವನ್ನು ತಂತಿಯಲ್ಲಿ ಸಾಗುವಂತೆ ಮಾಡುವ ಚಿಕ್ಕ ಟ್ರಾನ್ಸಿಸ್ಟರು ಕ್ಯಾಪ್ಸೂಲಿನೊಳಗೇ ಇದ್ದು, ಅದಕ್ಕೆ ಕೆಲವು ವೋಲ್ಟುಗಳ ಪೂರೈಕೆ ಬೇಕು. ಹೀಗಾಗಿ ಒಂದೇ ಸಣ್ಣ ತಂತಿ ಧ್ವನಿಯನ್ನು ಹೊರಗೂ ವಿದ್ಯುತ್ತನ್ನು ಒಳಗೂ ಒಯ್ಯಬೇಕಾಯಿತು, ಮತ್ತು ಪಿನ್ನಿನ ಗೊಂದಲ ಹುಟ್ಟಿದ್ದೇ ಇಲ್ಲಿಂದ. ಕೆಲವು ಕ್ಯಾಪ್ಸೂಲುಗಳಲ್ಲಿ ಎರಡೂ ಕೆಲಸಗಳಿಗೆ ಒಂದೇ ಎಳೆ, ಮತ್ತೊಂದು ಹೊದಿಕೆ. ಇನ್ನು ಕೆಲವಲ್ಲಿ ಎರಡಕ್ಕೂ ಬೇರೆ ಬೇರೆ ಎಳೆ.

ಮೈಕಿನ ಧ್ವನಿಯನ್ನು ರೇಡಿಯೊ ತರಂಗಗಳ ಮೂಲಕ ಕಳಿಸುವ, ಸೊಂಟಕ್ಕೆ ಕಟ್ಟುವ ನಿಸ್ತಂತು ಪೆಟ್ಟಿಗೆಗಳನ್ನು ತಯಾರಿಸಿದ ಕಂಪನಿಗಳು ತಮ್ಮ ತಮ್ಮ ಪಿನ್ನುಗಳನ್ನೇ ನಡೆಸಿಕೊಂಡು ಬಂದವು. ಶೂರ್ ಪೆಟ್ಟಿಗೆಗಳಿಗೆ ನಾಲ್ಕು ಕಡ್ಡಿಯ ಕಿರು ಎಕ್ಸ್‌ಎಲ್‌ಆರ್, ಎಕೆಜಿಗೆ ಮೂರು ಕಡ್ಡಿಯದು, ಸೆನ್ಹೈಸರ್ ಎವಲ್ಯೂಷನ್ ಸರಣಿಗೆ ತಿರುಪಿನಿಂದ ಬಿಗಿಯುವ 3.5 ಮಿ.ಮೀ. ಜ್ಯಾಕು. ಕೊನೆಯದರಲ್ಲಿ ತುದಿಗೆ ಧ್ವನಿ ಮತ್ತು ವಿದ್ಯುತ್ತು, ಬುಡಕ್ಕೆ ಹೊದಿಕೆ. ನಡುವಿನ ಉಂಗುರವನ್ನು ಬುಡದೊಂದಿಗೆ ಜೋಡಿಸಲಾಗುತ್ತದೆ. ಮಿಕ್ಸರು ಮೈಕಿನ ತಂತಿಯಲ್ಲೇ ಕಳಿಸುವ 48 ವೋಲ್ಟಿನ ಫ್ಯಾಂಟಮ್ ಪೂರೈಕೆಗೆ ಕಿರು ಕ್ಯಾಪ್ಸೂಲನ್ನು ನೇರವಾಗಿ ಸೇರಿಸಿದರೆ ಅದು ಸುಟ್ಟುಹೋಗುವ ಅಪಾಯವಿರುವುದರಿಂದ, ನಡುವೆ ವೋಲ್ಟೇಜು ಇಳಿಸುವ ಅಡಾಪ್ಟರ್ ಇರಲೇಬೇಕು. ಪಿನ್ನು ಕೂರುತ್ತದೆಂದ ಮಾತ್ರಕ್ಕೆ ಜೋಡಣೆ ಸರಿಯೆಂದು ತಿಳಿಯಲಾಗದು.

ತಂತಿಯ ಆಯ್ಕೆಯಲ್ಲಿ ಪರಸ್ಪರ ವಿರುದ್ಧವಾದ ಬೇಡಿಕೆಗಳಿವೆ. ಕಣ್ಣಿಗೆ ಬೀಳಬಾರದೆಂದರೆ ಅದು ಒಂದೆರಡು ಮಿಲಿಮೀಟರ್ ದಪ್ಪವಷ್ಟೇ ಇರಬೇಕು. ಜಗ್ಗಾಟ ತಾಳಬೇಕೆಂದರೆ ತಾಮ್ರದ ಜೊತೆಗೆ ಅರಾಮಿಡ್‌ನಂಥ ಗಟ್ಟಿ ನಾರು ಬೇಕು. ಹೊದಿಕೆಯ ತಾಮ್ರವನ್ನು ಎಳೆಗಳು ಒಂದರ ಮೇಲೊಂದು ಹಾಯುವಂತೆ ಹೆಣೆಯುವುದು ಒಂದು ಬಗೆ, ಒಂದೇ ದಿಕ್ಕಿಗೆ ಸುತ್ತುವುದು ಇನ್ನೊಂದು. ಸುತ್ತಿದ್ದು ಹೆಚ್ಚು ಬಳುಕುತ್ತದೆ, ಆದರೆ ತಿರುಚಿದಾಗ ಬಾಯಿಬಿಡುತ್ತದೆ. ಬನಹಟ್ಟಿಯ ನೇಕಾರರು ಬಟ್ಟೆಯ ಒತ್ತು ನೋಡುವಂತೆ ಇಲ್ಲಿಯೂ ಹೆಣಿಗೆಯ ಒತ್ತನ್ನು ನೋಡಬೇಕಾಗುತ್ತದೆ. ಪಾರಿಜಾತದ ಸತ್ಯಭಾಮೆಯ ಪಾತ್ರದಂತೆ ಆಭರಣ ಹೆಚ್ಚಿರುವಲ್ಲಿ ತಂತಿಯ ಮೈ ಉಜ್ಜಿದ ಸದ್ದೂ ಕ್ಯಾಪ್ಸೂಲಿಗೆ ಏರುವುದರಿಂದ, ಮೆತ್ತನೆಯ ಹೊರಪದರವಿರುವ ತಂತಿ ಒಳ್ಳೆಯದು. ಕ್ಯಾಪ್ಸೂಲಿನ ಕೆಳಗೆ ಒಂದು ಚಿಕ್ಕ ಕುಣಿಕೆ ಬಿಟ್ಟು ಬಟ್ಟೆಗೆ ಅಂಟಿಸಿದರೆ ಆ ಸದ್ದು ಬಹಳಷ್ಟು ತಗ್ಗುತ್ತದೆ.

ಬೆಸುಗೆಯೇ ಕಷ್ಟದ ಕೆಲಸ. ಕೆಲವು ಸಣ್ಣ ತಂತಿಗಳ ಎಳೆಗಳಿಗೆ ಕಣ್ಣಿಗೆ ಕಾಣದ ಎನಾಮಲ್ ಲೇಪವಿರುತ್ತದೆ. ಅದನ್ನು ಬಿಸಿಯಿಂದ ಇಲ್ಲವೆ ಕೆರೆದು ತೆಗೆಯದಿದ್ದರೆ ತವರ ಹಿಡಿದಂತೆ ತೋರಿದರೂ ವಿದ್ಯುತ್ತು ಹರಿಯದು. ಕಾವು ಹೆಚ್ಚಾದರೆ ಒಳಗಿನ ನಿರೋಧಕ ಕರಗಿ ಎಳೆಗಳು ಹೊದಿಕೆಗೆ ತಾಗುತ್ತವೆ. ಬೆಸುಗೆಗೆ ಮೊದಲೇ ಪಿನ್ನಿನ ಮುಚ್ಚಳವನ್ನು ಮತ್ತು ಬಿಸಿಗೆ ಕುಗ್ಗುವ ಕೊಳವೆಯನ್ನು ತಂತಿಗೆ ಪೋಣಿಸಿಕೊಂಡಿರಬೇಕು. ಜಗ್ಗಿದ ಭಾರ ಬೆಸುಗೆಯ ಮೇಲೆ ಬೀಳದಂತೆ ಪಿನ್ನಿನ ಹಿಡಿಕೆಯು ತಂತಿಯ ಹೊರಪದರವನ್ನೇ ಕಚ್ಚಿರಬೇಕು. ನಿಸ್ತಂತು ಪೆಟ್ಟಿಗೆಯ ಆಂಟೆನಾ ಪಕ್ಕದಲ್ಲೇ ಇರುವುದರಿಂದ, ಹೊದಿಕೆಯ ಸಂಪರ್ಕ ಸಡಿಲವಾದೊಡನೆ ಅದರ ರೇಡಿಯೊ ತರಂಗಗಳೇ ಮೈಕಿಗೆ ನುಗ್ಗಿ ಕರಕರ ಸದ್ದಾಗುತ್ತದೆ.

ಇಂದು ಪ್ರವಚನ, ಭಜನೆ, ಪಾರಿಜಾತದ ಪದಗಳನ್ನು ಮೊಬೈಲಿನಲ್ಲೇ ಮುದ್ರಿಸುವವರು ಬಳಸುವ ತಂತಿಯ ಕಾಲರ್ ಮೈಕುಗಳಲ್ಲಿ ಹಲವಕ್ಕೆ ನಾಲ್ಕು ಭಾಗದ 3.5 ಮಿ.ಮೀ. ಜ್ಯಾಕು ಇರುತ್ತದೆ. ಈಗ ಹೆಚ್ಚು ಬಳಕೆಯಲ್ಲಿರುವ ಕ್ರಮದಲ್ಲಿ ತುದಿ ಮತ್ತು ಮೊದಲ ಉಂಗುರ ಕಿವಿಯ ಎಡಬಲಗಳಿಗೆ, ಎರಡನೆಯ ಉಂಗುರ ಹೊದಿಕೆಗೆ, ಬುಡ ಮೈಕಿಗೆ ಮೀಸಲು. ಹಳೆಯ ಕೆಲವು ಫೋನುಗಳಲ್ಲಿ ಕೊನೆಯ ಎರಡು ಅದಲುಬದಲಾಗಿರುತ್ತವೆ. ಮೂರು ಭಾಗದ ಕ್ಯಾಮೆರಾ ಮೈಕನ್ನು ಇಂಥ ಫೋನಿಗೆ ಚುಚ್ಚಿದರೆ ಬುಡವು ಎರಡನೆಯ ಉಂಗುರವನ್ನೂ ಮುಟ್ಟಿ ಮೈಕಿನ ದಾರಿಯನ್ನೇ ಮುಚ್ಚುವುದರಿಂದ, ಫೋನು ಹೊರಗಿನ ಮೈಕನ್ನು ಗುರುತಿಸದೆ ತನ್ನ ಒಳಮೈಕಿನಿಂದಲೇ ಮುದ್ರಿಸತೊಡಗುತ್ತದೆ.