ಶರಾವತಿಯ ಎರಡು ಅಣೆಕಟ್ಟುಗಳು

ಶರಾವತಿಯ ಜಲವಿದ್ಯುತ್ತಿನ ಚರಿತ್ರೆಯನ್ನು 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನಿಂದ ಆರಂಭಿಸುವ ವಾಡಿಕೆಯೊಂದುಂಟು. ಆದರೆ ಆ ಜಲಾಶಯದ ಗರ್ಭದಲ್ಲಿಯೇ, ಮಡೇನೂರಿನ ಬಳಿ, ಅದಕ್ಕಿಂತ ಹಿರಿಯದಾದ ಹಿರೇಭಾಸ್ಕರ ಅಣೆಕಟ್ಟು ಮುಳುಗಿರುವುದನ್ನೂ, ಮಳೆ ಕೈಕೊಟ್ಟ ವರ್ಷಗಳ ಬೇಸಗೆಯಲ್ಲಿ ಅದು ನೀರಿನಿಂದ ಮೇಲೆದ್ದು ಕಾಣುವುದನ್ನೂ ಗಣಿಸದೆ ಈ ಚರಿತ್ರೆಯು ಸಮಗ್ರವಾಗಲಾರದು.

ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ ಹೊನ್ನಾವರದಲ್ಲಿ ಕಡಲನ್ನು ಸೇರುವ ಈ ನದಿಯು ದೀರ್ಘವಾದುದಲ್ಲ. ಅದರ ಸಾಮರ್ಥ್ಯವೆಲ್ಲ ಜೋಗದಲ್ಲಿ 830 ಅಡಿ ಆಳಕ್ಕೆ ಧುಮುಕುವ ಅದರ ಪತನದಲ್ಲಿದೆ. 1902ರಷ್ಟು ಹಿಂದೆಯೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಕಳುಹಿಸಿದ್ದ ಮೈಸೂರು ಸಂಸ್ಥಾನವು ಜೋಗದ ಕಾಮಗಾರಿಗೆ ತೊಡಗಿದುದು 1939ರಲ್ಲಿ. ಜಲಪಾತವು ಬೊಂಬಾಯಿ ಪ್ರಾಂತದ ಗಡಿಯಲ್ಲಿದ್ದುದೂ ಈ ವಿಳಂಬಕ್ಕೆ ಒಂದು ಕಾರಣವಾಗಿದ್ದಿರಬೇಕೆಂದು ನನ್ನ ಅಭಿಪ್ರಾಯ. ಮಹಾಯುದ್ಧದ ಅಡಚಣೆಗಳನ್ನು ದಾಟಿ 1948ರಲ್ಲಿ ವಿದ್ಯುದಾಗಾರವು ಕಾರ್ಯಾರಂಭ ಮಾಡಿತು. ಕೃಷ್ಣರಾಜೇಂದ್ರರ ಹೆಸರಿನಲ್ಲಿ ಮೊದಲಾದ ಅದು ಮುಂದೆ ಮಹಾತ್ಮಾ ಗಾಂಧಿಯವರ ಹೆಸರನ್ನು ಧರಿಸಿತು.

ಅದಕ್ಕೆ ನೀರನ್ನು ಕಾದಿರಿಸಿದ ಹಿರೇಭಾಸ್ಕರದ ವೈಶಿಷ್ಟ್ಯವೆಂದರೆ ಗಣೇಶ ಅಯ್ಯರ್ ಅವರ ಹೆಸರಿನಿಂದ ಪ್ರಸಿದ್ಧವಾದ ಸುರುಳಿ ಸೈಫನ್ನುಗಳು. ಜಲಾಶಯವು ನಿಯತ ಮಟ್ಟವನ್ನು ಮೀರಿದೊಡನೆ, ಸುತ್ತಿಕೊಂಡು ಇಳಿಯುವ ನೀರು ಕೊಳವೆಯೊಳಗಣ ಗಾಳಿಯನ್ನು ಹೊರಗೆಳೆದು, ಬಾಗಿಲನ್ನೆತ್ತುವ ಆಳಿನ ನೆರವಿಲ್ಲದೆಯೇ ಪ್ರವಾಹವನ್ನು ಹರಿಯಬಿಡುವ ಆ ಯುಕ್ತಿಯು, ಕಾಡಿನ ನಡುವೆ, ರಾತ್ರಿಹಗಲೆನ್ನದೆ ಸುರಿಯುವ ಮಲೆನಾಡಿನ ಮಳೆಗೆ ಎಷ್ಟು ಉಚಿತವಾಗಿದ್ದಿತೆಂಬುದನ್ನು ವಿವರಿಸಬೇಕಾದುದಿಲ್ಲ. ಇಂತಹ ನಿರ್ಮಾಣವು ಎರಡು ದಶಕಗಳೂ ತುಂಬುವ ಮೊದಲೇ ಜಲಸಮಾಧಿಯಾದುದು ಖೇದಕರವಾದ ಸಂಗತಿ.

ಆದರೆ ಅದಕ್ಕೆ ಬಲವಾದ ಕಾರಣವಿದ್ದಿತು. ಕೆಲವೇ ತಿಂಗಳುಗಳಲ್ಲಿ ಬಂದು ಹೋಗುವ ಮಳೆಯನ್ನು ವರ್ಷವಿಡೀ ಬೆಳಕಾಗಿಸಬೇಕಾದರೆ ಸಂಗ್ರಹವು ಅಪಾರವಾಗಿರಬೇಕು. 1819 ಅಡಿಗಳ ಪೂರ್ಣಮಟ್ಟದ, ಸುಮಾರು 151 ಟಿಎಂಸಿ ಅಡಿ ನೀರನ್ನು ಹಿಡಿಯುವ ಲಿಂಗನಮಕ್ಕಿಯಿಂದ ನೀರು ಕಾಲುವೆಯ ಮೂಲಕ ತಳಕಳಲೆಯ ಜಲಾಶಯಕ್ಕೆ ಬಂದು, ಅಲ್ಲಿಂದ ಕಣಿವೆಗೆ ಇಳಿದು, ಹತ್ತು ಯಂತ್ರಗಳಿಂದ 1035 ಮೆಗಾವಾಟ್ ಉತ್ಪಾದಿಸಬಲ್ಲ ಶರಾವತಿ ವಿದ್ಯುದಾಗಾರವನ್ನು ನಡೆಸುತ್ತದೆ. ಈ ನೀರು ಜಲಪಾತದ ಮುಖವನ್ನು ಕಾಣುವುದೇ ಇಲ್ಲ. ಬೇಸಗೆಯಲ್ಲಿ ಜೋಗವು ಬಡವಾಗುವುದು ಇದರಿಂದಲೇ.

ಹಿನ್ನೀರು ವ್ಯಾಪಿಸಿದ ಸಾಗರ, ಹೊಸನಗರ ತಾಲ್ಲೂಕುಗಳಲ್ಲಿ ಗದ್ದೆ, ಅಡಕೆ ತೋಟ, ಮನೆಮಠಗಳು ಮುಳುಗಿದುವು. ಇಂಜಿನಿಯರುಗಳ ವರದಿಗಳಲ್ಲಿ ‘ಮುಳುಗಡೆ’ಯು ಎಕರೆಗಳ ಲೆಕ್ಕವಾಗಿದ್ದರೆ, ಅದನ್ನು ಮನುಷ್ಯರ ಅನುಭವವಾಗಿ ದಾಖಲಿಸಿದ ನಾ. ಡಿಸೋಜ ಅವರ ಕಾದಂಬರಿಗಳನ್ನು ಚರಿತ್ರಕಾರನು ಸಾಹಿತ್ಯವೆಂದು ಬದಿಗಿಡಬಾರದು. ತುಮರಿಯ ಕಡೆಯ ಹಳ್ಳಿಗಳು ನೀರಿನಾಚೆ ಉಳಿದು, 2025ರಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆಯು ತೆರೆಯುವವರೆಗೂ ಲಾಂಚನ್ನೇ ನೆಚ್ಚಿಕೊಂಡಿದ್ದುವು. ಬೇರೆಡೆಗೆ ಎಬ್ಬಿಸಲ್ಪಟ್ಟವರಿಗೆ ದೊರೆತ ನೆಲದಲ್ಲಿ ಬಹುಭಾಗವು ದಾಖಲೆಗಳಲ್ಲಿ ಅರಣ್ಯವಾಗಿಯೇ ಉಳಿದುದರಿಂದ, ಅವರಲ್ಲಿ ಅನೇಕರ ಮಕ್ಕಳು, ಮೊಮ್ಮಕ್ಕಳು ಇಂದಿಗೂ ಹಕ್ಕುಪತ್ರಕ್ಕಾಗಿ ಶಿವಮೊಗ್ಗದ ಕಚೇರಿಗಳಿಗೆ ಅಲೆಯುತ್ತಿದ್ದಾರೆ.